ಸ್ಟೆಪ್ನಿಗೂ ಗಾಲಿಗಾಸೇನ್ರೀ

ಹರಿಹರ
ಅಕ್ಟೋಬರ್ ೩೨, ೨೧೮೭
ಬನ್ನಿ ಹಬ್ಬದ ಮಧ್ಯಾಹ್ನ

ನಮ್ಮ ಮುತ್ತಜ್ಜಿಯ ಮುತ್ತಜ್ಜಿಯ ಕಾಲದ ಮಹಾಜನಗಳೇ, ಗಾಡಿ ಇರುವವರೇ, ಗಾಡಿ ಕೊಳ್ಳುವ ಆಸೆಯಿರುವವರೇ,

ಮೇಲಿನ ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಿಮ್ಮಲ್ಲಿ ಅಕ್ಟೋಬರ್ ಮೂವತ್ತೊಂದಕ್ಕೇ ಮುಗಿಯುತ್ತಿತ್ತಂತೆ. ಹಬ್ಬದ ತಿಂಗಳು ಸಾಲುತ್ತಿಲ್ಲವೆಂದು ಜನ ಗಲಾಟೆ ಮಾಡಿದ್ದರಿಂದ ಜುಲೈನಿಂದ ಒಂದು ದಿನ ಕಿತ್ತು ಇದಕ್ಕೆ ಹೊಲಿದಿದ್ದಾರೆ. ಜುಲೈ ಈವರೆಗೆ ತಕರಾರು ತೆಗೆದಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸದಾಗಿರುತ್ತವೆ. ಅದಕ್ಕೆ ಮೊದಲೇ ಕೈಮುಗಿದು ಕ್ಷಮೆ ಕೇಳಿಕೊಳ್ಳುತ್ತೇನೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದಕ್ಕೂ ಪಿನ್‌ಕೋಡ್ ಬೇಕು. ಇದರಲ್ಲಿ ಕಾಗದ ಹಾಕಿದವರಿಗೆ ಯಾರಿಗೂ ಇದುವರೆಗೆ ಉತ್ತರ ಬಂದಿಲ್ಲ, ಆದರೂ ಅಂಚೆಯವರು ಮುದ್ರೆ ಮಾತ್ರ ಭಾಳ ಗಂಭೀರವಾಗಿ ಒತ್ತುತ್ತಾರೆ.

ನಾನು ಕೊಟ್ರಮ್ಮ, ಮಂಡಕ್ಕಿ ಹಾಲಪ್ಪನ ಮಗಳು. ಊರಿನಲ್ಲಿ ನನಗೆ ಹೇಳಿಕೊಳ್ಳುವಂಥ ಹೆಸರಿಲ್ಲ. ಅಪ್ಪನ ಗಾಡಿಗೆ, ದಾರಿಯಲ್ಲಿ ಎಮ್ಮೆ ಕಂಡಾಗಲೆಲ್ಲ ನಿಂತು "ಶರಣ್ರೀ ಯಜಮಾನ್ರೇ, ತಾವು ಮುಂದೆ ಹೋಗ್ರಿ" ಅನ್ನಲು ಕಲಿಸಿದವಳು ನಾನೇ. ಹಾಗಾಗಿ ಇದೂ ಅಂಥದ್ದೇ ಒಂದು ಕೀಟಲೆ ಅಂದುಕೊಂಡು ನೀವು ಕಾಗದವನ್ನು ಮಡಿಚಿಡಬಹುದು. ದಯವಿಟ್ಟು ಮಡಿಚಿಡಬೇಡಿ.

ನಮ್ಮ ಗಾಡಿಗಳ ಬಗ್ಗೆ ಹೇಳಬೇಕು. ನಾವು ಅವನ್ನು ತಾನೋಡಿ ಎನ್ನುತ್ತೇವೆ, ತಾನೇ ಓಡುತ್ತದೆ ಅನ್ನುವ ಅರ್ಥದಲ್ಲಿ. ಸ್ಟೇರಿಂಗ್ ಇಲ್ಲ, ಬ್ರೇಕಿನ ಪೆಡಲ್ ಇಲ್ಲ. ಹಣೆಯ ನಟ್ಟನಡುವೆ ಅಂಗೈಯಗಲದ ಒಂದು ಗಾಜಿನ ಕಣ್ಣು ಇದೆ, ಅದರಿಂದ ಎಲ್ಲವನ್ನೂ ನೋಡುತ್ತದೆ. ಎದುರಿಗೆ ಜೀವವಿರುವುದು ಕಂಡರೆ ನಿಲ್ಲುವುದು ಅದಕ್ಕೆ ಕಲಿಸುವ ಮೊದಲ ಪಾಠ. ಅಪ್ಪ ದಿನಾ ಬೆಳಿಗ್ಗೆ ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿ ಚೀಲಗಳನ್ನು ಮಾಳಿಗೆಯೆತ್ತರ ಹೇರಿಸಿಕೊಂಡು, ತಾನು ಮುಂದೆ ಕೂತು, ಹೊಳೆಯಾಚೆಯ ಹಳ್ಳಿಗಳಿಗೆ ಹೋಗಿಬರುತ್ತಿದ್ದ. ಗಾಡಿಯೇ ಓಡುತ್ತಿದ್ದರೂ ಇಳಿಜಾರು ಬಂದರೆ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದ. ನಿಮ್ಮ ಕಾಲದಿಂದ ನಮ್ಮ ಕಾಲಿಗೆ ಇಳಿದುಬಂದ ಅಭ್ಯಾಸ ಅದೊಂದೇ ಇರಬೇಕು. ಸ್ಟೆಪ್ನಿಯೂ ಉಳಿದಿದೆ. ಈಗಿನ ಗಾಲಿಗಳು ಪಂಕ್ಚರ್ ಆಗುವುದಿಲ್ಲ, ಆದರೂ ಐದನೆಯದೊಂದು ಬೆನ್ನಿಗಿಲ್ಲದಿದ್ದರೆ ಅಪ್ಪನಿಗೆ ಗಾಡಿ ಬೋಳು ಕಾಣುತ್ತಿತ್ತು.

ಪ್ರತಿ ಗಾಡಿಗೂ ವಿಮೆ ಇರಲೇಬೇಕು. ವಿಮೆಯ ಜೊತೆಗೆ, ಗಾಡಿಗೆ ಇಷ್ಟು ಅಂತ ವರ್ಷಕ್ಕೊಮ್ಮೆ ಒಂದು ಚಿಲ್ಲರೆ ಕಾಸು ಕೊಡುತ್ತಿದ್ದೆವು. ಅದೇ ಗಾಲಿಗಾಸು. ಒಂದು ಪ್ಲೇಟ್ ಮಿರ್ಚಿ ತಿಂದಷ್ಟೂ ಆಗುತ್ತಿರಲಿಲ್ಲ. ಊರಿನ ಗಾಡಿಗಳ ಗಾಲಿಗಾಸೆಲ್ಲ ಸೇರಿ ಆಸರೆಕಟ್ಟೆ ನಡೆಯುತ್ತಿತ್ತು. ಹೆಸರಿಗೆ ಕಟ್ಟೆ, ನಿಜವಾಗಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯ ಆಫೀಸು. ವಿಮೆಯವರು ಪರಿಹಾರ ಕೊಡದೆ ಸತಾಯಿಸಿದರೆ ಅಲ್ಲಿಗೆ ಹೋಗಬೇಕು. ಅಲ್ಲಿದ್ದ ಅಧಿಕಾರಿ ಮೆಹರುನ್ನೀಸಾ, ಎಲ್ಲರಿಗೂ ಮೆಹರಕ್ಕ. ಆಕೆ ಕಂಪನಿಯವರನ್ನು ಕರೆಸಬಹುದಿತ್ತು, ಗಾಡಿಯನ್ನು ಬಿಚ್ಚಿಸಿ ನೋಡಬಹುದಿತ್ತು. ನಮ್ಮ ಓಣಿಯ ಈರಭದ್ರಣ್ಣ ಒಮ್ಮೆ ಕಂಪನಿಗೆ ಫೋನು ಮಾಡಿ "ನನ್ ಗಾಡಿ ದಾರೀಲೇ ಸತ್ತೋತ್ರೀ" ಅಂದಿದ್ದಕ್ಕೆ ಅವರು ಗಾಡಿಯ ಮರಣ ಪ್ರಮಾಣಪತ್ರ ಕೇಳಿದ್ದರು. ಈರಭದ್ರಣ್ಣ ಒಂದು ವಾರ ನಗರಸಭೆಗೆ ಅಲೆದ. ಮೆಹರಕ್ಕ ಒಂದು ಮಾತಿನಲ್ಲಿ ಬಿಡಿಸಿದಳು. ಊರು ಆಮೇಲೆ ತಿಂಗಳಗಟ್ಟಲೆ ಅವನನ್ನು ಕಂಡಾಗಲೆಲ್ಲ "ತಿಥಿ ಯಾವಾಗ್ರೀ" ಅಂತ ಕೇಳಿತು. ಕೇಳಿದವರಲ್ಲಿ ಮೊದಲಿಗಳು ಯಾರೆಂದು ಹೇಳುವ ಅಗತ್ಯವಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಗಾಲಿಗಾಸು ಬೇಕೋ ಬೇಡವೋ ಅಂತ ಊರೂರಲ್ಲಿ ಸಭೆ ಕರೆದರು. ನಮ್ಮ ವಾರ್ಡಿನ ಸಭೆ ಶಾಲೆಯ ಹಾಲಿನಲ್ಲಿ ಸೇರಿತು. ಮೆಹರಕ್ಕ ಎದ್ದು, "ಕಂಪನಿ ಸಂಬಳ ತಿಂದ್ರೆ ನಾನು ಕಂಪನಿ ಕಡೆ ವಾಲ್ತೀನಿ. ಸರ್ಕಾರ ಕೊಟ್ರೆ, ಅವರಿಗೆ ಕೈ ಬಿಗಿಯಾದ ದಿನ ನನ್ನ ಎಬ್ಬಿಸ್ತಾರೆ. ನಿಮ್ಮ ಗಾಡಿಗೊಂದು ಕಾಸು ಇರೋ ತನಕ ನಾನು ನಿಮ್ಮ ಕಡೇನೇ ಕೂತಿರ್ತೀನಿ" ಅಂದಳು. ಹಾಲಿನಲ್ಲಿ ಗುಜುಗುಜು. ಒಬ್ಬರು, ನನ್ನ ಗಾಡಿ ಇದುವರೆಗೆ ಒಂದು ಕೋಳಿಗೂ ತಾಗಿಲ್ಲ, ನಾನ್ಯಾಕೆ ಕೊಡಲಿ ಅಂದರು. ಆಗ ಅಪ್ಪ ಎದ್ದ. ನನ್ನ ತುಂಟತನ ಎಲ್ಲಿಂದ ಬಂದದ್ದು ಅನ್ನುವುದಕ್ಕೆ ಆವತ್ತು ಇಡೀ ವಾರ್ಡೇ ಸಾಕ್ಷಿ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಹೈಕೋರ್ಟಿನ ವಕೀಲರ ಗತ್ತಿನಲ್ಲಿ, "ಅಲ್ರೀ ಮೆಹರಕ್ಕ, ಒಂದು ಅನುಮಾನ. ಗಾಲಿಗಾಸು ಅಂತೀರಿ. ನನ್ನ ಗಾಡಿಗೆ ನಾಕು ಗಾಲಿ. ಸ್ಟೆಪ್ನಿಗೂ ಗಾಲಿಗಾಸೇನ್ರೀ?" ಅಂದ.

ಇಡೀ ಸಭೆ ಬಿದ್ದುಬಿದ್ದು ನಕ್ಕಿತು. ಮೆಹರಕ್ಕ ಏನೋ ಉತ್ತರ ಹೇಳಿದಳು. ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಆ ನಗುವಿನಲ್ಲೇ ಕೈ ಎತ್ತಿಸಿದರು, ಆ ನಗುವಿನಲ್ಲೇ ಗಾಲಿಗಾಸು ಹೋಯಿತು. ಬೇರೆ ಊರುಗಳಲ್ಲಿ ಬೇರೆ ಜೋಕುಗಳಿದ್ದವೋ ಏನೋ, ಅಲ್ಲೂ ಹೋಯಿತು. ಯುಗಾದಿಯ ಹೊತ್ತಿಗೆ ಕಟ್ಟೆಗೆ ಬೀಗ ಬಿತ್ತು. ಮೆಹರಕ್ಕ ತನ್ನ ತಂಗಿಯ ಬಳೆ ಅಂಗಡಿಯಲ್ಲಿ ಕೂತಳು. ಅಪ್ಪ ಉಳಿದ ಕಾಸಿಗೆ ಇನ್ನಷ್ಟು ಸೇರಿಸಿ ನಮಗೆಲ್ಲ ಮಿರ್ಚಿ ಕೊಡಿಸಿದ.

ಹೋದ ವರ್ಷ ಆಯುಧಪೂಜೆಯ ದಿನ ಗಾಡಿ ತೊಳೆದೆವು. ಅವ್ವ ಹಣೆಗೆ ವಿಭೂತಿ ಬಳಿದು ಕುಂಕುಮವಿಟ್ಟಳು, ನಾನು ಚೆಂಡುಹೂವಿನ ಹಾರ ಹಾಕಿದೆ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆವು. ಅಪ್ಪ ಬೂದುಗುಂಬಳಕ್ಕೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸಿ ದೃಷ್ಟಿ ತೆಗೆದ, ಕಾಯಿಯನ್ನು ನೆಲಕ್ಕೆ ಒಗೆದ. ಯಾರಾದರೂ ಜಾರಿ ಬಿದ್ದಾರೆಂದು ಅಲ್ಲೇ ಬಗ್ಗಿ ಚೂರು ಆಯುತ್ತಾ, ಪ್ರತಿ ವರ್ಷದಂತೆ "ಸ್ವಲ್ಪ ಮುಂದೆ ಬಾರೋ ಮಗನೇ" ಅಂದ. ನಿಂಬೆಹಣ್ಣು ಅಪ್ಪಚ್ಚಿಯಾಗುತ್ತಿದ್ದಂತೆ ಅದು ನಿಲ್ಲಬೇಕು, ಎದುರಿಗೆ ಮನುಷ್ಯನಿದ್ದಾನೆ. ನಿಲ್ಲಲಿಲ್ಲ. ಎಮ್ಮೆಗೂ ಶರಣೆನ್ನುವ ಗಾಡಿ ಅಪ್ಪನ ಬಲಗಾಲಿನ ಮೇಲೆ ಹತ್ತಿ, ಆಮೇಲೆ ನಿಂತಿತು.

ಕಣ್ಣಿಗೆ ವಿಭೂತಿ ಉದುರಿತ್ತೋ, ಹಾರ ಜಾರಿತ್ತೋ, ಗಾಡಿಯಲ್ಲೇ ದೋಷವಿತ್ತೋ, ಇವತ್ತಿಗೂ ನಮಗೆ ಗೊತ್ತಿಲ್ಲ. ಹಾಗೊಂದು ವೇಳೆ ಕಣ್ಣು ಮುಚ್ಚಿದ್ದರೆ ಗಾಡಿ ಜಾಗ ಬಿಟ್ಟು ಕದಲಲೇಬಾರದಿತ್ತು. ಆದರೆ ಅದನ್ನು ನೋಡಲು ಯಾರೂ ಬರಲೇ ಇಲ್ಲ, ಯಾಕೆಂದರೆ ಅಷ್ಟರಲ್ಲಿ ಅಪ್ಪ ತಪ್ಪೊಪ್ಪಿಕೊಂಡಿದ್ದ.

ನಮ್ಮ ವಿಮೆ ಛತ್ರಛಾಯಾ ಎಂಬ ಕಂಪನಿಯದು. ಅಲ್ಲಿ ಮನುಷ್ಯರು ಮಾತಾಡುವುದಿಲ್ಲ. ವಿನಯವಾಣಿ ಎಂಬ ಯಂತ್ರದ ದನಿ ಮಾತಾಡುತ್ತದೆ. ಅಷ್ಟು ಮರ್ಯಾದೆಯ ಕನ್ನಡವನ್ನು ನೀವು ಮದುವೆ ಕರೆಯೋಲೆಯಲ್ಲೂ ಓದಿರಲಾರಿರಿ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಅಪ್ಪನನ್ನು ಅದು ಕೇಳಿತು: "ಅವಘಡದ ಸಮಯದಲ್ಲಿ ತಾವು ಏನು ಮಾಡುತ್ತಿದ್ದಿರಿ, ಮಾನ್ಯರೇ?"

"ಗಾಡಿ ದೃಷ್ಟಿ ತೆಗೀತಿದ್ದೆ ರೀ."

"ವಾಹನದ ದೃಷ್ಟಿಯನ್ನು ತಾವೇ ತೆಗೆದಿರೇ?"

"ನಾನೇ ರೀ. ವರ್ಷಾ ವರ್ಷಾ ನಾನೇ ತೆಗೆಯೋದು."

ವಾಹನದ ದೃಷ್ಟಿಯನ್ನು ಮಾಲೀಕರೇ ಉದ್ದೇಶಪೂರ್ವಕವಾಗಿ, ಅದೂ ಪ್ರತಿ ವರ್ಷ, ತೆಗೆದಿರುವುದರಿಂದ ಪರಿಹಾರ ಸಲ್ಲದು ಎಂದು ಸಂಜೆಗೆ ಉತ್ತರ ಬಂತು. ನಾನು ನಕ್ಕೆ. ನಿಜವಾಗಿ ನಕ್ಕೆ, ಇದು ಒಂದು ಮಾತಿನಲ್ಲಿ ಸರಿಹೋಗುವ ಗೊಂದಲ ಅಂದುಕೊಂಡು. ಮರುಪರಿಶೀಲನೆಗೆ ಕೇಳಿದರೆ ಅಲ್ಲಿಯೂ ಅದೇ ವಿನಯವಾಣಿ. ದೃಷ್ಟಿ ಅಂದರೆ ಕೆಟ್ಟ ಕಣ್ಣು ತಾಯಿ, ಅದನ್ನು ತೆಗೆಯೋದು ಅಂತ ಬಿಡಿಸಿ ಹೇಳಿದೆ. "ವಾಹನದ ಕಣ್ಣು ಕೆಟ್ಟಿರುವುದು ತಮಗೆ ಮೊದಲೇ ತಿಳಿದಿತ್ತೇ?" ಅಂತ ಕೇಳಿತು. ಬಾಯಿ ಬಿಟ್ಟಷ್ಟೂ ಅಪ್ಪನ ಅಪರಾಧ ಬೆಳೆಯುತ್ತಾ ಹೋಯಿತು.

ಅಪ್ಪನ ಬಲಗಾಲು ಉಳಿದಿರಲಿಲ್ಲ. ನಮಗೆ ಬೇಕಾಗಿದ್ದುದು ಚಿಗುರುಗಾಲು. ನಮ್ಮದೇ ಮಾಂಸದ ಚೂರಿನಿಂದ ಆಸ್ಪತ್ರೆಯಲ್ಲಿ ಬೆಳೆಸಿ ಜೋಡಿಸುವ ಕಾಲು. ಕಾಲು ಹೋಗಿ ವರ್ಷದೊಳಗೆ ಜೋಡಿಸಬೇಕು. ತಡವಾದರೆ ಮೈ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಅದರ ಖರ್ಚು ವಿಮೆಯಿಂದಲೇ ಬರಬೇಕಿತ್ತು. ಗಾಡಿ ಮಾರಿ ಬಂದದ್ದು ಆಸ್ಪತ್ರೆಯ ಹಾಸಿಗೆಗೇ ಮುಗಿಯಿತು.

ಮೆಹರಕ್ಕ ತಾನಾಗಿ ಬಂದಳು. ಸಭೆಯ ಮಾತು ಎತ್ತಲಿಲ್ಲ. ಅಂಗಡಿಗೆ ತಂಗಿಯನ್ನು ಕೂರಿಸಿ, ನನ್ನ ಜೊತೆ ದಾವಣಗೆರೆಯ ಕಂಪನಿ ಕಚೇರಿಗೆ ಬಂದಳು. ಮಾರಿದ ಗಾಡಿಯನ್ನು ತರಿಸಿ ಬಿಚ್ಚಿ ನೋಡ್ರಿ, ಮನುಷ್ಯರನ್ನು ಕರೀರಿ ಅಂದಳು. ವಿನಯವಾಣಿ, "ತಾವು ಗಾಯಾಳುವಿನ ಸಂಬಂಧಿಕರೇ?" ಅಂತು. ಅಲ್ಲ ಅಂದಳು. "ಅಧಿಕಾರಿಗಳೇ?" ಆಗಿದ್ದೆ ಅಂದಳು ಮೆಹರಕ್ಕ. "ತಮ್ಮ ಸಹಾನುಭೂತಿಗೆ ವಂದನೆಗಳು" ಅಂತ ಹೇಳಿ ದನಿ ನಿಂತಿತು. ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ಕಿಟಕಿಯ ಕಡೆ ನೋಡುತ್ತಾ, "ಹೇಳಬೇಕಾದ್ದೆಲ್ಲ ಗೊತ್ತು ಕೊಟ್ರವ್ವ. ಕೇಳಲೇಬೇಕು ಅಂತ ಅವರಿಗೆ ಈಗ ಏನಿಲ್ಲ" ಅಂದಳು.

ಆಮೇಲೆ ನಾನು ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಇಳಿದೆ. ದಿನಾ ವಿನಯವಾಣಿಗೆ ಅರ್ಜಿ ಹಾಕಿದೆ. ಒಡೆದ ಬೂದುಗುಂಬಳಕ್ಕೆ, ಬಾಡಿದ ಹಾರಕ್ಕೆ, ಇಳಿಜಾರಿನಲ್ಲಿ ಒತ್ತಲು ಈಗ ಕಾಲಿಲ್ಲದ ಅಪ್ಪನ ಅಭ್ಯಾಸಕ್ಕೆ. ಎಲ್ಲವನ್ನೂ ಮರ್ಯಾದೆಯಿಂದ ತಿರಸ್ಕರಿಸಿತು. ಒಂದನ್ನು ಮಾತ್ರ ಒಪ್ಪಿತು: ಗಾಲಿಯಡಿ ಅಪ್ಪಚ್ಚಿಯಾದ ನಿಂಬೆಹಣ್ಣು. "ಮೂರನೆಯ ವ್ಯಕ್ತಿಯ ಆಸ್ತಿ ಹಾನಿ" ಅಡಿಯಲ್ಲಿ ಪರಿಹಾರ ಮಂಜೂರಾಯಿತು. ನಾಲ್ಕು ನಿಂಬೆಹಣ್ಣಿನ ದುಡ್ಡು ಅಪ್ಪನ ಹೆಸರಿಗೆ ಬಂದು ಕೂತಿತು. ಅವ್ವ ಅದನ್ನು ಮುಟ್ಟಲಿಲ್ಲ.

ನಿನ್ನೆ ವರ್ಷ ತುಂಬಿತು. ಇನ್ನು ಚಿಗುರುಗಾಲು ಇಲ್ಲ.

ನಿನ್ನೆಯೇ ಆಯುಧಪೂಜೆ. ಮನೆಯಲ್ಲಿ ಪೂಜೆ ಮಾಡಲು ಗಾಡಿ ಇರಲಿಲ್ಲ. ಅವ್ವ ಬೆಳಿಗ್ಗೆ ಎದ್ದು, ಅಪ್ಪನನ್ನು ಮಂಚಕ್ಕೆ ಕೂರಿಸಿ ಅವನ ಗಾಲಿಕುರ್ಚಿಯನ್ನು ಬಾಗಿಲಿಗೆ ತಂದು ತೊಳೆದಳು. ವಿಭೂತಿ ಬಳಿದಳು, ಹೂವು ಮುಡಿಸಿದಳು. ಆ ಪರಿಹಾರದ ದುಡ್ಡಿನಲ್ಲಿ ನಿಂಬೆಹಣ್ಣು ತಂದಿದ್ದಳು. ದೊಡ್ಡ ಗಾಲಿ ಎರಡಕ್ಕೆ, ಸಣ್ಣ ಗಾಲಿ ಎರಡಕ್ಕೆ ಇಟ್ಟಳು. ಈರಭದ್ರಣ್ಣ ಬಂದಿದ್ದ, ಮೆಹರಕ್ಕ ಬಂದಿದ್ದಳು, ಓಣಿಯವರು ಒಂದಷ್ಟು ಜನ ನಿಂತಿದ್ದರು. ಅಪ್ಪ ಮಂಚದ ಮೇಲಿಂದಲೇ ಹೆಗಲ ಟವೆಲ್ ಸರಿಮಾಡಿಕೊಂಡ. ಅದೇ ಗತ್ತು. "ಒಂದು ಅನುಮಾನ ರೀ ಮೆಹರಕ್ಕ. ಇದಕ್ಕೂ ಗಾಲಿಗಾಸು ಕೊಡಬೇಕೇನ್ರೀ?"

ಒಬ್ಬರೂ ನಗಲಿಲ್ಲ. ನಾನೂ ನಗಲಿಲ್ಲ.

"ಗಾಡಿಗೊಂದು ರೀ ಹಾಲಪ್ಪನವರೇ, ಗಾಲಿಗಲ್ಲ" ಅಂದಳು ಮೆಹರಕ್ಕ, ಮೆಲ್ಲಗೆ. ಆವತ್ತು ಸಭೆಯಲ್ಲಿ ಆಕೆ ಹೇಳಿದ್ದು ಇದೇ ಮಾತಂತೆ. ಈ ಸಲ ಎಲ್ಲರಿಗೂ ಕೇಳಿಸಿತು.

ಗಾಡಿಗೊಂದು ಕಾಸು ಅನ್ನುವ ಮಾತು ನಿಮ್ಮ ಕಾಲದಲ್ಲೇ ಎಲ್ಲೋ ಮೊದಲು ಹುಟ್ಟಿತೆಂದು ನಾವು ಕೇಳಿದ್ದೇವೆ. ನಿಜವೋ ಸುಳ್ಳೋ ತಿಳಿಯದು. ನಿಮ್ಮ ಊರಿಗೆ ಅದು ಬಂದಾಗ ಯಾರಾದರೊಬ್ಬರು ಎದ್ದು ಸ್ಟೆಪ್ನಿಯ ಜೋಕು ಹೇಳೇ ಹೇಳುತ್ತಾರೆ. ಆಗ ನೀವು ನಗಿ. ಜೋಕು ಚೆನ್ನಾಗಿದೆ, ನನ್ನ ಅಪ್ಪನದು. ಆದರೆ ನಗು ಇಳಿಯುವ ತನಕ ಕೈ ಎತ್ತಬೇಡಿ. ಆ ಗದ್ದಲದಲ್ಲಿ ಒಬ್ಬಾಕೆಯ ತುಟಿ ಅಲ್ಲಾಡುತ್ತಿರುತ್ತದೆ. ಏನಂದಿರಿ ಅಂತ ಇನ್ನೊಮ್ಮೆ ಕೇಳಿ.

ಇವತ್ತು ಬನ್ನಿ ಕೊಡುವ ದಿನ. ಹಿಂದಂಚೆಯಲ್ಲಿ ಎಲೆ ಕಳಿಸಲು ಬಿಡುವುದಿಲ್ಲ, ದಾರಿಯಲ್ಲಿ ಮತ್ತೆ ಚಿಗುರಿಬಿಡುತ್ತದಂತೆ. ಅದನ್ನು ಕೇಳಿ ಅಪ್ಪ, "ಹಂಗಾರೆ ನನ್ನನ್ನೇ ಅದ್ರಾಗೆ ಹಾಕವ್ವ" ಅಂದ. ಹಾಗಾಗಿ ಎಲೆ ಕೊಟ್ಟೆನೆಂದು ತಿಳಿಯಿರಿ, ನಾನು ತಗೊಂಡೆನೆಂದು ತಿಳಿಯುತ್ತೇನೆ. ಬಂಗಾರದ ಹಾಗಿರಿ, ಎರಡೂ ಕಾಲಿನ ಮೇಲೆ.

ಇನ್ನೂ ಹುಟ್ಟದ ನಿಮ್ಮ ಮಗಳು,
ಮಂಡಕ್ಕಿ ಹಾಲಪ್ಪನ ಕೊಟ್ರಮ್ಮ