ಎರಡು ಮನೆಗೆ ಒಂದೇ ಒಲೆ

ಗ್ರಾನ್‌ಲಿಡೆನ್,
ಅಕ್ಟೋಬರ್ ೨೬, ಭಾನುವಾರ

ಪ್ರೀತಿಯ ಅನ್ನೆಲಿ ಮಗಳೇ,

ನೀನು ಕಳಿಸಿದ ಪೆಟ್ಟಿಗೆ ಕೈಸೇರಿ ಬಹಳ ದಿನವಾಯಿತು. ಬಂತು ಅಂತ ಒಂದು ಸಾಲು ಬರೆಯಲಿಲ್ಲವಲ್ಲ ಈ ಮುದುಕ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಮೊದಲು ಕಾಡಿನ ಮೂಸ್ ಜಿಂಕೆಯ ಬೇಟೆ ಬಂತು, ಅದರ ಹಿಂದೆ ಮಾಂಸ ಹಂಚುವ ಗಲಾಟೆ ಬಂತು, ಅದರ ಹಿಂದೆ ಒಲೆಯ ಫಜೀತಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮಳೆ ಚಳಿ ವಿಚಾರಿಸಿದ ಮೇಲೆ ನಾವಿಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತಾ ನಿಂತುಬಿಡುತ್ತೇವೆ. ಕಾಗದವೇ ವಾಸಿ.

ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತೆ ಹಿಲ್ಲೆವಿಯ ಮಂಡಿ ನೋವು ಇಳಿದಿದೆ, ಬಾಯಿ ಎಂದಿನಂತೆ ಇದೆ. ಬೇಟೆಯಲ್ಲಿ ಈ ಸಲ ನಮ್ಮ ತಂಡಕ್ಕೆ ಒಂದು ದೊಡ್ಡ ಗಂಡು ಸಿಕ್ಕಿತು. ಅದು ಮೊದಲು ಹಾದುಹೋದದ್ದು ಪಕ್ಕದ ಮನೆ ತೂರೆಯ ಅಟ್ಟಣೆಯ ಕೆಳಗೇ. ತೂರೆ ಬಂದೂಕು ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದನಂತೆ. ಕೇಳಿದರೆ, "ನಿದ್ದೆ ಅಲ್ಲಪ್ಪ, ಸದ್ದು ಮಾಡದೆ ಕಾಯ್ತಿದ್ದೆ" ಅನ್ನುತ್ತಾನೆ.

ಈಗ ನೀನು ಕಾಯುತ್ತಿರುವ ಸುದ್ದಿ. ಒಲೆ ಉರಿಯುತ್ತಿದೆ. ಅಂಗಳದ ಈ ಕಡೆ ನಮ್ಮ ಮನೆ, ಆ ಕಡೆ ಮಗ ಹೆನ್ನಿಂಗನ ಮನೆ, ಅದರ ಬಿಸಿನೀರು ಹರಿದು ಎರಡೂ ಬೆಚ್ಚಗಿವೆ. ಬೆಳಿಗ್ಗೆ ಎದ್ದು ಒಲೆ ಇರುವ ಹಳೇ ದನದ ಹಟ್ಟಿಯ ಮೇಲೆ ನೋಡಿದರೆ ಚಿಮಣಿಯಿಂದ ಬರುವ ಹೊಗೆ ಕಂಡೂ ಕಾಣದಷ್ಟು ತೆಳ್ಳಗೆ. ನೀನು ಹೇಳುತ್ತಿದ್ದೆಯಲ್ಲ, ಹೊಗೆ ಕಾಣದಿದ್ದರೆ ಒಲೆ ಸುಖವಾಗಿದೆ ಅಂತ. ಸುಖವಾಗಿದೆ.

ಆದರೆ ಸುಖಕ್ಕೆ ಬರುವ ಮುಂಚೆ ನಡೆದದ್ದನ್ನು ಹೇಳುತ್ತೇನೆ ಕೇಳು.

ಎಲೆ ಉದುರುವ ಹೊತ್ತಿಗೆ ನೀನು ಬರುತ್ತೀಯ ಅಂತ ಕಾದೆವು. ನೀನೂ ಹೆನ್ನಿಂಗನೂ ಬೇರೆಯಾದ ಮೇಲೂ ಒಂದು ವರ್ಷ ತಪ್ಪಿಸಿದವಳಲ್ಲ. ಲೂಲಿಯೋ ಪಟ್ಟಣದಿಂದ ನಿನ್ನ ಒಲೆ ರಿಪೇರಿಯ ವ್ಯಾನು ಓಡಿಸಿಕೊಂಡು ಬಂದು, ಒಲೆ ಬಿಚ್ಚಿ ತೊಳೆದು ಜೋಡಿಸಿ, ಅತ್ತೆಯ ಕೈಯ ಕಾಫಿಗೆ ಚೀಸ್ ತುಂಡು ಹಾಕಿಕೊಂಡು ಕುಡಿದು ಹೋಗುತ್ತಿದ್ದೆ. ಹೋದ ವರ್ಷ ಮಾತ್ರ ಕೈ ತೊಳೆದವಳೇ ಹೊರಟುಬಿಟ್ಟೆ. ಹೆನ್ನಿಂಗನ ಪಡಸಾಲೆಯಲ್ಲಿ, ಅವನ ಜೊತೆ ಬಾಳಲು ಬಂದ ಮಲೀನಳ ಪೆಟ್ಟಿಗೆಗಳು ಆಗತಾನೇ ಬಂದು ಇಳಿದಿದ್ದವು. ನಾನು ನೋಡಿದೆ. ನೀನೂ ನೋಡಿದ್ದನ್ನು ನೋಡಿದೆ. ಈ ವರ್ಷ ನಿನ್ನ ವ್ಯಾನಿನ ಬದಲು ಅಂಚೆ ವ್ಯಾನು ಬಂತು.

ಪೆಟ್ಟಿಗೆ ಬಿಚ್ಚಿದಾಗ ತೂರೆಯೂ ಇದ್ದ. ಅವನು ಇಲ್ಲದಾಗ ನಮ್ಮ ಮನೆಯಲ್ಲಿ ಯಾವ ಪೆಟ್ಟಿಗೆ ಬಿಚ್ಚಿದ್ದೇವೆ ಹೇಳು. ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಬೂದಿಯನ್ನು ತಾನೇ ಕೆಳಗೆ ತಳ್ಳುವ ಹೊಸ ಜಾಲರಿ, ಬೆಂಕಿ ಹೊತ್ತಿಸುವ ಬಿಳೀ ಕಡ್ಡಿ, ಗಾಳಿ ನುಸುಳದಂತೆ ಒಲೆಯ ಬಾಗಿಲಿನ ಸುತ್ತ ಹಾಕುವ ಹಗ್ಗ, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಗುಳಿಗೆಗಳನ್ನು ಕಣಜದಿಂದ ಮೇಲಕ್ಕೆ ಎತ್ತುವ ಸ್ಕ್ರೂ ಸಲೀಸಾಗಿ ತಿರುಗಲು ಹಿತ್ತಾಳೆಯ ಬುಶ್, ಆಮೇಲೆ ಅವು ಬೆಂಕಿಗೆ ಇಳಿಯುವ ಪ್ಲಾಸ್ಟಿಕ್ ಪೈಪು. ಯಾವುದನ್ನು ಎಲ್ಲಿ ಹಾಕಬೇಕು ಅಂತ ನಿನ್ನ ದುಂಡಗಿನ ಅಕ್ಷರದ ಚೀಟಿ.

ಹಳೇ ಜಾಲರಿ ತೆಗೆದಾಗ ನಗು ಬಂತು. ನಡುವೆ ಕರಗಿ, ತೂತುಗಳೆಲ್ಲ ಒಂದಕ್ಕೊಂದು ಸೇರಿ, ಇಲಿ ಕಡಿದ ಬ್ರೆಡ್ಡಿನ ಹಾಗಿತ್ತು. ಪಾಪ, ಅದರ ಮೇಲೆ ಇಷ್ಟು ಚಳಿಗಾಲ ಹೇಗೆ ಉರಿಯಿತೋ. ಹೊಸದು ಬಂದ ಮೇಲೆ ವಾರಕ್ಕೊಮ್ಮೆ ಮಂಡಿಯೂರಿ ಕೆರೆಯುವ ಕೆಲಸ ತಪ್ಪಿದೆ. ಬಿಳೀ ಕಡ್ಡಿಯಂತೂ ನೀನು ಹೇಳಿದ ಹಾಗೇ. ಹಳೆಯದು ಕೆಮ್ಮಿ ಕೆಮ್ಮಿ ಹೊತ್ತಿಸುತ್ತಿತ್ತು, ಇದು ಒಂದು ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಬೆಂಕಿ ಎಬ್ಬಿಸುತ್ತದೆ.

ಪ್ಲಾಸ್ಟಿಕ್ ಪೈಪಿನ ಹತ್ತಿರ ಬಂದಾಗ ತೂರೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ, ಸತ್ತ ಹಾವನ್ನು ಹಿಡಿಯುವ ಹಾಗೆ.

"ಇದೇನೋ ಆಲ್ಗೋಟ್, ಇಷ್ಟೆಲ್ಲ ಗಟ್ಟಿ ಸಾಮಾನು ಕಳಿಸಿ, ಬೆಂಕಿಯ ಬಾಯಿಗೇ ತಾಗಿಕೊಂಡಿರೋ ಜಾಗಕ್ಕೆ ಈ ಆಟದ ಸಾಮಾನು ಕಳಿಸಿದಾಳೆ?"

"ಹಳೇದೂ ಪ್ಲಾಸ್ಟಿಕ್ಕೇ ಅಲ್ವೇನೋ."

"ಅದಕ್ಕೇ ಅದು ಸೀಳಿದ್ದು. ನಮ್ಮ ಹಾಲು ಕರೆಯೋ ಮಿಶಿನ್ನಿನ ಸ್ಟೀಲ್ ಪೈಪು ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ. ತಂದು ಕೂರಿಸ್ತೀನಿ. ನೀನು ಸತ್ತರೂ ಅದು ಸಾಯಲ್ಲ."

"ಅನ್ನೆಲಿಗೆ ಒಂದು ಮಾತು ಕೇಳೋಣ," ಅಂದೆ.

"ಇಷ್ಟಕ್ಕೆಲ್ಲ ಯಾಕೆ ತೊಂದರೆ ಕೊಡ್ತೀಯ ಪಾಪ," ಅಂದ.

ನಮ್ಮ ಕಡೆಯ ಜನ ನಿನಗೆ ಗೊತ್ತಲ್ಲ. ಮನೆಗೆ ಬೆಂಕಿ ಬಿದ್ದರೂ ಊಟದ ಹೊತ್ತಿನಲ್ಲಿ ಪಕ್ಕದವರನ್ನು ಕರೆಯೋದು ಹೇಗೆ ಅಂತ ಯೋಚಿಸುತ್ತೇವೆ. ನಾನೂ ಸುಮ್ಮನಾದೆ. ತೂರೆ ಪೈಪನ್ನು ಅಳತೆಗೆ ಕತ್ತರಿಸಿ, ಎರಡು ತುದಿಗೂ ಪಟ್ಟಿ ಬಿಗಿದು ಕೂರಿಸಿದ. ಪಳಪಳ ಹೊಳೆಯುತ್ತಿತ್ತು. ಪೆಲೆಟ್‌ಗಳು ಅದರಲ್ಲಿ ಆಲಿಕಲ್ಲಿನ ಹಾಗೆ ಸದ್ದು ಮಾಡುತ್ತಾ ಇಳಿಯುತ್ತಿದ್ದವು. ಊರಿನ ಅರ್ಧ ಜನಕ್ಕೆ ತೂರೆ ಅದನ್ನು ತೋರಿಸಿದ.

ಅಷ್ಟರಲ್ಲಿ ಚಿಮಣಿಯವರು ವರ್ಷದ ತಪಾಸಣೆಗೆ ಬಂದರು. ಈ ಸಲ ಹೊಸಬರು, ಕೆಂಪು ಗಡ್ಡದವರು, ಮೆತ್ತಗೆ ಮಾತಾಡುವವರು. ಒಲೆ ನೋಡಿದರು, ಚಿಮಣಿ ನೋಡಿದರು, ಪೈಪು ನೋಡಿ ಟೋಪಿ ತೆಗೆದರು.

"ಇದನ್ನು ಹಾಕಿದ್ದು ಯಾರು?"

ತೂರೆ ಎದೆ ಮುಂದೆ ಮಾಡಿ, "ನಾನೇ," ಅಂದ.

"ಚೆನ್ನಾಗಿ ಹಾಕಿದೀರಿ. ಬೆಂಕಿ ಹಿಂದಕ್ಕೆ ಹತ್ತಿಕೊಂಡ್ರೆ ನೇರವಾಗಿ ಪೆಲೆಟ್ ಕಣಜಕ್ಕೆ ಹೋಗೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ."

ಆಮೇಲೆ ಬಿಡಿಸಿ ಹೇಳಿದರು. ಆ ಪ್ಲಾಸ್ಟಿಕ್ ಪೈಪು ಇರುವುದೇ ಕರಗುವುದಕ್ಕಂತೆ. ಬೆಂಕಿ ಮೇಲಕ್ಕೆ ಬಂದರೆ ಅದು ಮೊದಲು ಕರಗಿ ಕಳಚಿ ಬೀಳುತ್ತದೆ, ದಾರಿ ಕಡಿಯುತ್ತದೆ, ಕಣಜ ಉಳಿಯುತ್ತದೆ, ಕಣಜದ ಜೊತೆ ಹಟ್ಟಿಯೂ ಎರಡು ಮನೆಯೂ ಉಳಿಯುತ್ತವೆ. ಇಷ್ಟು ಹೇಳಿ, ಒಲೆ ಹೊತ್ತಿಸಕೂಡದು ಅಂತ ಒಂದು ಕೆಂಪು ಚೀಟಿ ಬಾಗಿಲಿಗೆ ಅಂಟಿಸಿ, ಸರಿ ಮಾಡಿದ ಮೇಲೆ ಕರೆಯಿರಿ ಅಂದು ಹೊರಟರು. ತೂರೆಯ ಮುಖ ನೋಡಬೇಕಿತ್ತು ನೀನು. ಆ ದಿನವೆಲ್ಲ ಅವನು ಮಾತಾಡಿದ್ದು ಅವನ ನಾಯಿಯ ಹತ್ತಿರ ಮಾತ್ರ.

ಆ ರಾತ್ರಿಯೇ ಚಳಿ ಬಂದು ಬೀಳಬೇಕೆ. ಬೆಳಿಗ್ಗೆ ಕೆರೆಯ ಅಂಚಿಗೆ ಮಂಜುಗಡ್ಡೆ. ಹಿಲ್ಲೆವಿ ಕೋಟು ಹಾಕಿಕೊಂಡೇ ಆಲೂಗಡ್ಡೆ ಸುಲಿದಳು. "ನೀವಿಬ್ಬರೂ ಸೇರಿ ಸ್ಟೀಲಿನ ಪಾಯಸ ಮಾಡಿದ್ದಾಯ್ತಲ್ಲ, ಅದನ್ನೇ ಕುಡೀರಿ ಬಿಸಿ ಬಿಸಿಯಾಗಿ," ಅಂದಳು.

ಹೆನ್ನಿಂಗ್ ಅಂಗಳ ದಾಟಿ ಬಂದ. ಕೈಯಲ್ಲಿ ಬಣ್ಣದ ಪುಸ್ತಕ. ನೆಲದಾಳದಿಂದ ಬಿಸಿ ಎತ್ತುವ ಪಂಪಿನದು.

"ಅಪ್ಪ, ಸಾಕು. ಈ ಒಲೆ ಕಿತ್ತು ಹಾಕಿಬಿಡೋಣ. ಪೆಲೆಟ್ ಹೊರೋದು ಬೇಡ, ಬೂದಿ ಬೇಡ, ವರ್ಷ ವರ್ಷ ಯಾರೂ ಬರೋದೂ ಬೇಡ."

ಕೊನೆಯ ಮಾತು ಹೇಳುವಾಗ ಅವನು ಪುಸ್ತಕ ನೋಡುತ್ತಿದ್ದ, ನನ್ನನ್ನಲ್ಲ. ಕೆಟ್ಟವನಲ್ಲ ಅವನು. ನಿನ್ನ ವ್ಯಾನು ಅಂಗಳಕ್ಕೆ ಬಂದ ದಿನ ಅವನು ಕಾಡಿನಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಹೋಗುತ್ತಿದ್ದದ್ದು ನನಗೂ ಗೊತ್ತು. ಆದರೂ ಒಲೆ ಹೋದರೆ ನೀನು ಈ ಅಂಗಳಕ್ಕೆ ಬರಲು ಇನ್ನೇನು ನೆಪ ಉಳಿಯುತ್ತದೆ?

"ಇವತ್ತು ಸಂಜೆಯೊಳಗೆ ಹೊತ್ತಿಸ್ತೀನಿ," ಅಂದೆ. ಅವನು ಉಸಿರು ಒಳಗೆಳೆದ. ನಮ್ಮ ಕಡೆ ಅದು ಹೂಂ ಅಂದ ಹಾಗೆ. ಅವನು ಎಳೆದರೆ ನೋಡೋಣ ಅಂದ ಹಾಗೆ.

ತೂರೆ ನಾಚಿಕೊಂಡು ಮನೆ ಸೇರಿದ್ದ. ಒಬ್ಬನೇ ಹಟ್ಟಿಗೆ ಹೋಗಿ ಏಣಿ ಇಟ್ಟುಕೊಂಡು ಸ್ಟೀಲ್ ಪೈಪಿನ ಪಟ್ಟಿ ಸಡಿಲಿಸುತ್ತಿದ್ದೆ. ಹಿಂದಿನಿಂದ, "ಮಾವ, ಏಣಿ ಹಿಡ್ಕೊಳ್ಲಾ?" ಅಂತ ಕೇಳಿಸಿತು. ನೀನೇ ಬಂದೆ ಅಂದುಕೊಂಡು ತಿರುಗಿದೆ, ಸ್ಪ್ಯಾನರ್ ಕೈಯಿಂದ ಬಿತ್ತು.

ಮಲೀನ್. ಅವಳು ನನ್ನನ್ನು ಮಾವ ಅಂದದ್ದು ಅದೇ ಮೊದಲು. ಅವಳ ಬಗ್ಗೆ ನಿನಗೆ ಬರೆಯುವುದೋ ಬೇಡವೋ ಅಂತ ಈ ಕಾಗದವನ್ನು ಎರಡು ಸಲ ಹರಿದು ಹಾಕಿದೆ. ಬರೆಯುತ್ತೇನೆ. ಒಳ್ಳೆಯ ಹುಡುಗಿ. ವೃದ್ಧರ ಮನೆಯಲ್ಲಿ ನರ್ಸ್ ಕೆಲಸ, ಹಾಗಾಗಿ ನನ್ನಂಥ ಮೊಂಡರನ್ನು ನೋಡಿ ಅಭ್ಯಾಸ. ಅವಳನ್ನು ಇಷ್ಟಪಟ್ಟರೆ ನಿನ್ನ ಜಾಗ ಕೊಟ್ಟ ಹಾಗಾಗುತ್ತದೆ ಅಂತ ವರ್ಷವೆಲ್ಲ ಮುಖ ಗಂಟು ಹಾಕಿಕೊಂಡು ತಿರುಗಿದೆ. ಅದು ಬಹಳ ಸುಸ್ತಿನ ಕೆಲಸ ಮಗಳೇ.

ಅವಳು ಕೆಳಗಿನಿಂದ ನಿನ್ನ ಚೀಟಿ ಓದಿ ಹೇಳಿದಳು, ನಾನು ಪೈಪು ಕೂರಿಸಿದೆ. ಕೂರಿಸುವಾಗ ಕೇಳಿದಳು:

"ಈ ವರ್ಷ ಅನ್ನೆಲಿ ಯಾಕೆ ಬರಲಿಲ್ಲ?"

"ಕೆಲಸ ಜಾಸ್ತಿ ಇರಬೇಕು."

"ಮಾವ, ಸುಳ್ಳು ಹೇಳೋವಾಗ ನೀವು ಟೋಪಿ ಸರಿ ಮಾಡ್ಕೋತೀರಿ."

ನಾನು ಟೋಪಿಯಿಂದ ಕೈ ತೆಗೆದೆ.

"ನಾನಿದೀನಿ ಅಂತ ಬರಲಿಲ್ವಾ?" ಅಂದಳು. ನಾನು ಪಟ್ಟಿ ಬಿಗಿಯುತ್ತಾ ಹೋದೆ. ಅವಳು ಚೀಟಿ ಮೇಲೆತ್ತಿ ತೋರಿಸಿ ಅಂದಳು: "ಈ ಚೀಟೀಲಿ ಅವರು ಬರೆದಿದಾರೆ, ಬೂದಿ ಡಬ್ಬ ನೀವು ಎತ್ತಬೇಡಿ, ಬೆನ್ನು ಹಿಡಿಯುತ್ತೆ ಅಂತ. ಇದನ್ನ ಬರೆದೋರನ್ನ ನೋಡೋಕೆ ನನಗೆ ಏನು ಕಷ್ಟ? ಬರಲಿ ಹೇಳಿ. ಕಾಫಿ ನಾನು ಮಾಡ್ತೀನಿ. ಅವರಿಗೆ ನನ್ನ ಜೊತೆ ಕೂರೋಕೆ ಆಗದಿದ್ರೆ ಲೋಟ ಇಲ್ಲೇ ಹಟ್ಟಿಗೆ ತಂದುಕೊಡ್ತೀನಿ."

ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ, ಒಂದು ಮಾತೂ ಸೇರಿಸಿಲ್ಲ.

ಸಂಜೆ ಚಿಮಣಿಯವರು ಬಂದು ಕೆಂಪು ಚೀಟಿ ಕಿತ್ತರು. ಬಿಳೀ ಕಡ್ಡಿ ಹೊತ್ತಿಕೊಂಡಿತು, ಜಾಲರಿಯ ಮೇಲೆ ಬೆಂಕಿ ಎದ್ದಿತು. ಹೆನ್ನಿಂಗ್ ಬಂದು ಬಾಗಿಲಿನ ಗಾಜಿನಲ್ಲಿ ಇಣುಕಿ, "ಸರಿ, ಈ ಚಳಿಗಾಲ ನೋಡೋಣ. ನಡುವೆ ಎಲ್ಲಾದ್ರೂ ನಿಂತುಹೋಯ್ತೋ, ವಸಂತದಲ್ಲಿ ಕಿತ್ತು ಹಾಕೋದೇ," ಅಂದ. ಹಿಲ್ಲೆವಿ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಎರಡು ಮನೆಯವರೂ ಒಂದೇ ಮೇಜಿಗೆ ಕೂತು ಆಲೂಗಡ್ಡೆ ಉಂಡೆ ತಿಂದೆವು. ತೂರೆಯನ್ನು ಮಲೀನಳೇ ಹೋಗಿ ಕರೆತಂದಳು. ಅವನ ಪೈಪನ್ನು ಈಗ ಹಿಲ್ಲೆವಿ ಕಂಬಳಿ ಒಣಹಾಕಲು ಇಟ್ಟುಕೊಂಡಿದ್ದಾಳೆ. ಅದಕ್ಕೂ ಅವನು ಹೆಮ್ಮೆ ಪಡುತ್ತಾನೆ.

ನೀನು ಕಳಿಸಿದ ಸಾಮಾನನ್ನೆಲ್ಲ ಒಂದೂ ಬಿಡದೆ ಹಾಕಿದ್ದಾಯಿತು. ಒಲೆ ಹೊಸದರ ಹಾಗಿದೆ. ನಿನ್ನ ಕೈ ಬೆಚ್ಚಗಿರಲಿ, ನಿನ್ನ ವ್ಯಾನಿನ ಚಕ್ರ ಎಲ್ಲೂ ಜಾರದಿರಲಿ, ನೀನು ಹೋಗುವ ಮನೆಗಳ ಜನ ನಿನಗೆ ಬಿಸಿಯಾಗಿ ಏನಾದರೂ ಕೊಡಲಿ. ಚೆನ್ನಾಗಿ ಬಾಳು ಮಗಳೇ.

ನಿನ್ನ ಮಾವ,
ಆಲ್ಗೋಟ್

ಮರೆತ ಮಾತು: ಮೇಲಿನದನ್ನೆಲ್ಲ ಹಿಲ್ಲೆವಿ ಓದಿದ್ದಾಳೆ. ಇದನ್ನು ಅಂಚೆ ಡಬ್ಬಿಯ ಹತ್ತಿರ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಪ್ರತಿ ವರ್ಷ ನೀನು ಹೊರಡುವಾಗ ಯಾವುದಾದರೂ ಒಂದು ಕೆಲಸ ಬಾಕಿ ಇಟ್ಟು, "ಇದನ್ನ ಮುಂದಿನ ಸಲ ನೋಡೋಣ ಮಾವ" ಅನ್ನುತ್ತಿದ್ದೆ. ಈ ಸಲದ ಚೀಟಿಯಲ್ಲಿ ಆ ಸಾಲು ಹುಡುಕಿದೆ. ಹಿಂದೆ ಮುಂದೆ ತಿರುವಿ ಹುಡುಕಿದೆ. ಇರಲಿಲ್ಲ. ಇನ್ನೂ ಸವೆಯದ ಭಾಗಕ್ಕೂ ನೀನು ಹೊಸದು ಕಳಿಸಿದ್ದೆ. ತೂರೆ, "ಇನ್ನು ಬಹಳ ವರ್ಷ ಈ ಒಲೆ ಹತ್ತಿರ ಯಾರೂ ಬರಬೇಕಾಗಿಲ್ಲ," ಅಂತ ಖುಷಿಯಿಂದ ನನ್ನ ಬೆನ್ನು ತಟ್ಟಿದ. ಪೆಟ್ಟಿಗೆ ಮುಚ್ಚುವ ನೆಪದಲ್ಲಿ ನಾನು ಅವನಿಗೆ ಬೆನ್ನು ತಿರುಗಿಸಬೇಕಾಯಿತು.

ಒಂದೂ ಬಿಡದೆ ಹಾಕಿದೆ ಅಂದದ್ದು ಸುಳ್ಳು. ಹಿತ್ತಾಳೆಯ ಬುಶ್ ನನ್ನ ಕೋಟಿನ ಜೇಬಿನಲ್ಲಿದೆ. ಹಾಕಿದ್ದೇನೆ ಅಂತಲೇ ಎಲ್ಲರಿಗೂ ಹೇಳಿದ್ದೇನೆ. ಹಳೆಯದು ಸವೆದುಹೋಗಿ ಸ್ಕ್ರೂ ಈಗಾಗಲೇ ಕಿರುಗುಡಲು ಶುರುಮಾಡಿದೆ. ಕ್ರಿಸ್‌ಮಸ್‌ವರೆಗೆ ತಡೆಯಬಹುದು, ಆಮೇಲೆ ಗೊತ್ತಿಲ್ಲ. ಅದು ನಿಂತರೆ ಹೆನ್ನಿಂಗ್ ಏನು ಮಾಡುತ್ತಾನೆ ಅಂತ ಮೇಲೆ ಬರೆದಿದ್ದೇನೆ.

ಹಾಕುವುದು ನನಗೆ ಬರುತ್ತದೆ. ಹಾಕುವುದಿಲ್ಲ.