ಮೂರನೆಯ ಪ್ರಶ್ನೆಗೆ ಒಂದು ಅಂಕ

ರಬಕವಿ
2 ಮಾರ್ಚ್ 2025

ಪ್ರೀತಿಯ ಗೆಳತಿ ಪ್ರತಿಮಾಳಿಗೆ,

ಸತ್ಯವ್ವನ ನೆನಪುಗಳು. ನಾವು ಆರಾಮ ಇದ್ದೇವೆ. ನೀನು, ನಿಮ್ಮ ಯಜಮಾನರು, ಮಗ ಅಜಯ ಎಲ್ಲರೂ ಆರಾಮ ಇದ್ದೀರಿ ಎಂದು ತಿಳಿಯುತ್ತೇನೆ. ನೀನು ಫೋನಿನಲ್ಲಿ ಕಳಿಸಿದ ಮಾತುಗಳನ್ನೆಲ್ಲ ಕೇಳಿದೆ. "ಯಾಕವಾ, ಎರಡ ಐತವಾರ ಆತು, ಕ್ಲಾಸಿಗೆ ಬರವಲ್ಲಿ? ಸಿಟ್ಟಾಗೀ ಏನ?" ಎಂದಿದ್ದೀ. ಉತ್ತರ ಕೊಡುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಪತ್ರಲೇಖನವೂ ಪರೀಕ್ಷೆಗೆ ಬರುತ್ತದೆ ಎಂದು ನೀನೇ ಹೇಳಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರು, ತಾರೀಖು ಮೇಲೆ ಬರೆದಿದ್ದೇನೆ, ನೋಡು.

ಇಲ್ಲಿ ಶಿವರಾತ್ರಿ ಮುಗಿಯುವುದರೊಳಗೇ ಬಿಸಿಲು ಏರಿದೆ. ಕರೆಂಟು ಹೋದರೆ ಮಗ್ಗದ ಶೆಡ್ಡಿನಲ್ಲಿ ಕೂಡಲಾಗುವುದಿಲ್ಲ. ಇವರು ಹೊರಗಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಅತ್ತೆ ಹಾಲವ್ವನವರಿಗೆ ಮೊಣಕಾಲು ನೋವು ಹೆಚ್ಚಾಗಿದೆ. ನಮ್ಮ ಮನೆಯಲ್ಲಿ ಅಕ್ಷತಾಳ ಹೆಸರನ್ನು ಯಾರೂ ಎತ್ತುವುದಿಲ್ಲ. ಮಗಳು ತೀರಿಕೊಂಡು, ಬರುವ ನಾಗರಪಂಚಮಿಗೆ ವರ್ಷವಾಗುತ್ತದೆ. ಅವಳ ಸಾಲೆಯ ಪಾಟಿಚೀಲ ಇನ್ನೂ ಗೂಟಕ್ಕೇ ತೂಗುತ್ತಿದೆ. ಯಾರಿಗಾದರೂ ಕೊಟ್ಟುಬಿಡು ಎಂದು ಅತ್ತೆ ಹೇಳಿದರು. ನಾನು ಕೊಡಲಿಲ್ಲ.

ದಿನಕರ್ಮ ಮುಗಿದ ಮೇಲೆ ನೀನು ಬಂದು, "ಮನ್ಯಾಗ ಒಬ್ಬಾಕೀನ ಕುಂತ ಅಳಬ್ಯಾಡ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟು, ನಾ ಕಲಸ್ತೀನಿ" ಎಂದೆ. ಒಂಬತ್ತನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು. ನಾನು ಸಾಲೆ ಬಿಟ್ಟೆ, ನೀನು ಟೀಚರಾದೆ. ನಾನು ಒಪ್ಪಿದ್ದು ನೌಕರಿಗಾಗಿ ಅಲ್ಲ. ಪಾಸಾದರೆ, ನಾನು ಓದಿ ಹೇಳಿದ್ದನ್ನು ನಮ್ಮ ಮನೆಯವರು ನಂಬುತ್ತಾರೆ ಎಂಬ ಆಸೆಗೆ.

ನಿನ್ನ ಕ್ಲಾಸು ನನಗೆ ಹಿಡಿಸಿತ್ತು, ಸುಳ್ಳು ಹೇಳುವುದಿಲ್ಲ. ಐತವಾರ ಮುಂಜಾನೆಯ ಬಸ್ಸಿಗೆ ಜಮಖಂಡಿಗೆ ಬರುವುದು, ನಿಮ್ಮ ಪಡಸಾಲೆಯಲ್ಲಿ ಕೂಡುವುದು. ಓದದ ಗದ್ಯವನ್ನು ಓದಿ ಉತ್ತರ ಬರೆಯುವುದನ್ನು ನೀನು ಮೊದಲ ದಿನ ಹೇಗೆ ಕಲಿಸಿದೆ ಎಂಬುದು ಇನ್ನೂ ಕಿವಿಯಲ್ಲಿದೆ. "ಮೊದಲ ಪ್ರಶ್ನೆ ಓದ್ರಿ, ಆಮ್ಯಾಲೆ ಗದ್ಯ. ನಿಮಗ ಗೊತ್ತಿದ್ದದ್ದು ಬರೀಬ್ಯಾಡ್ರಿ. ಗದ್ಯದಾಗ ಏನೈತಿ, ಅದನ್ನಷ್ಟ ಬರೀರಿ." ಬೆಲ್ಲದ ಗದ್ಯ ಕೊಟ್ಟ ದಿನ ಮಹಾಲಿಂಗಪುರದ ಶೈಲಾ ತಮ್ಮ ಮನೆಯ ಗಾಣದ ಕಥೆಯನ್ನೆಲ್ಲ ಬರೆದು ಸೊನ್ನೆ ತೆಗೆದುಕೊಂಡಳು. "ನಮ್ಮನ್ಯಾಗ ಹಂಗ ಬೆಲ್ಲಾ ಮಾಡ್ತಾರ್ರೀ ಟೀಚರ್" ಎಂದಾಗ, "ಅದು ನಿಮ್ಮನಿ ಗಾಣ. ಪೇಪರಿನಾಗ ಬ್ಯಾರೆ ಗಾಣ ಐತಿ" ಎಂದೆ ನೀನು. ಅಷ್ಟು ತಿಂಗಳ ಮೇಲೆ ನಾನು ನಕ್ಕದ್ದು ಅಂದೇ.

ಆ ಕೊನೆಯ ಐತವಾರ ನೀನೇ ಬರೆದ ಗದ್ಯ ಹಂಚಿದೆ. ಲತಾ ಎಂಬ ಹುಡುಗಿ. ಬಸ್ಸಿನಲ್ಲಿ ಕೂತರೆ ಕಿಟಕಿಯಿಂದ ಕಾಣುವ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವವಳು. ಆ ಸಾಲನ್ನು ಎರಡು ಸಲ ಓದಿದೆ. ಅಕ್ಷತಾಳ ಈ ರೂಢಿಯನ್ನು ನಿನ್ನ ಹೆಗಲ ಮೇಲೆ ತಲೆಯಿಟ್ಟು ಹೇಳಿದ್ದೆ, ಬೇರೆ ಯಾರಿಗೂ ಅಲ್ಲ. ಮುಂದೆ ಓದಿದೆ. ಲತಾಳಿಗೆ ಜ್ವರ ಬಂತು. ರಕ್ತಪರೀಕ್ಷೆಯ ಚೀಟಿಯಲ್ಲಿ ಅಪಾಯವೆಂದು ಬರೆದಿತ್ತು. ತಾಯಿಗೆ ಓದಲು ಬರುತ್ತಿರಲಿಲ್ಲ. ಚೀಟಿ ಬೆಳಗಾಗುವ ತನಕ ಗೋಡೆಯ ಗೂಡಿನಲ್ಲೇ ಉಳಿಯಿತು, ಲತಾ ಉಳಿಯಲಿಲ್ಲ. ಆಮೇಲೆ ಆ ತಾಯಿ ಅಕ್ಷರ ಕಲಿತು ಊರಿಗೇ ಮಾದರಿಯಾದಳು.

ಮೂರನೆಯ ಪ್ರಶ್ನೆ: ಲತಾಳ ಸಾವಿಗೆ ಕಾರಣವೇನು? ಒಂದು ಅಂಕ.

ಶೈಲಾ ಮೊಣಕೈಯಿಂದ ತಿವಿದು, "ಅಕ್ಕಾ, ಸರಳ ಐತ್ರಿ, ನಡುವಿನ ಸಾಲಿನ್ಯಾಗ ನೋಡ್ರಿ" ಎಂದಳು. ನಾನು ಆ ಜಾಗವನ್ನು ಖಾಲಿ ಬಿಟ್ಟು ಹಾಳೆ ಕೊಟ್ಟೆ. ನೀನು ಎಲ್ಲರೆದುರು ಕೇಳಿದೆ:

"ಸತ್ಯವ್ವಾ, ಇಷ್ಟ ಸರಳ ಪ್ರಶ್ನೆ ಬಿಟ್ಟೀ? ಉತ್ತರ ಎದುರಿಗೇ ಐತಲ್ಲ!"

"ಅದು ಖರೆ ಅಲ್ಲ."

"ಖರೆ ಐತೋ ಸುಳ್ಳ ಐತೋ ಯಾರ ಕೇಳ್ಯಾರ? ಒಂದ ಅಂಕದಾಗ ನಪಾಸಾದ್ರ ಯಾರ ಮುಂದ ಅಳ್ತಿ? ಬರಿ, ಬರಿ."

ನಿನ್ನದೇ ಪೆನ್ನನ್ನು ನನ್ನ ಕೈಗೆ ಕೊಟ್ಟೆ. ಎಲ್ಲರೂ ನೋಡುತ್ತಿದ್ದರು. ಪಾಸಾಗಬೇಕಿತ್ತು, ಬರೆದೆ. "ತಾಯಿಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ಲತಾ ಸತ್ತಳು." ಪೂರ್ಣ ವಾಕ್ಯದಲ್ಲಿ, ದುಂಡಗೆ. ನೀನು ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಜಾಣೆ" ಎಂದು ಬರೆದೆ.

ಇನ್ನು ನಾನು ಕ್ಲಾಸಿಗೆ ಬರುವುದಿಲ್ಲ. ಪರೀಕ್ಷೆಯನ್ನು ಮಾತ್ರ ಬರೆಯುತ್ತೇನೆ. ಹಾಲ್ ಟಿಕೆಟು ಬಂದಿದೆ. ನೂಲು ಸುತ್ತುತ್ತ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಓದುತ್ತೇನೆ, ಇವರು ನೋಡಿಯೂ ನೋಡದಂತೆ ಇರುತ್ತಾರೆ. ಶೈಲಾಳಿಗೆ ನನ್ನ ಮೇಲೆ ಬೇಸರ ಬೇಡವೆಂದು ಹೇಳು. ಅಜಯನನ್ನು ಬೀರೇಶ್ವರ ಚೆನ್ನಾಗಿ ಇಟ್ಟಿರಲಿ, ಅವನು ನೂರು ವರ್ಷ ಬಾಳಲಿ. ಅವನಿಗೆ ಜ್ವರ ಬಂದರೆ ಮುಂಜಾನೆಯ ತನಕ ಕಾಯಬೇಡ.

ನಿನ್ನ ಬೆಂಚಿನ ಗೆಳತಿ,
ಸತ್ಯವ್ವ

ತಾ.ಕ.: ಲ್ಯಾಬಿನಿಂದ ಅಕ್ಷತಾಳ ರಕ್ತಪರೀಕ್ಷೆಯ ಚೀಟಿ ಬಂದಾಗ ಸಂಜೆಯಾಗಿತ್ತು, ಡಾಕ್ಟರು ಹೋಗಿಬಿಟ್ಟಿದ್ದರು. ಚೀಟಿಯನ್ನು ನಾನೇ ಓದಿದೆ. ಪ್ಲೇಟ್‌ಲೆಟ್ ಎಷ್ಟಿರಬೇಕು, ಎಷ್ಟಿವೆ ಎಂಬುದು ಅದರಲ್ಲೇ ಇತ್ತು. ಈಗಲೇ ಬಾಗಲಕೋಟೆಗೆ ಹೋಗೋಣ ಎಂದೆ. "ಅರ್ಧಾ ಸಾಲಿ ಬಿಟ್ಟಾಕಿಗೆ ಏನ ತಿಳೀತೈತಿ?" ಎಂದರು ಅತ್ತೆ. "ನಿನ್ನ ಗೆಳತಿ ಟೀಚರ್ ಅದಾಳಲ್ಲ, ಅಕೀಗೆ ಫೋನ್ ಹಚ್ಚು" ಎಂದರು ಇವರು. ಹಚ್ಚಿದೆ. ಒಂದೊಂದೇ ಅಂಕಿ ಓದಿ ಹೇಳಿದೆ. ನೀನು, "ಜ್ವರದಾಗ ಹಂಗ ಇಳೀತಾವ ಬಿಡು, ಗಾಬರಿ ಆಗಬ್ಯಾಡ, ಮುಂಜಾನೆ ಕರಕೊಂಡ ಹೋಗ್ರಿ" ಎಂದೆ. ಟೀಚರ್ ಹೇಳಿದ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ.

ಇದನ್ನು ನಾನು ಯಾರೆದುರೂ ಆಡಿಲ್ಲ. ನಿನಗೆ ತಿಳಿಯದೆ ಆದದ್ದು ಎಂದು ನುಂಗಿಕೊಂಡಿದ್ದೆ. ಈಗ ನಿನ್ನ ಗದ್ಯವನ್ನು, ನೀನು ಕಲಿಸಿದ ಹಾಗೆಯೇ, ಸಾಲುಸಾಲಿಗೂ ಬೆರಳಿಟ್ಟು ಮತ್ತೆ ಓದಿದೆ. ಹುಡುಗಿ ಇದ್ದಾಳೆ, ಜ್ವರ ಇದೆ, ಚೀಟಿ ಇದೆ, ಓದು ಬಾರದ ತಾಯಿ ಇದ್ದಾಳೆ. ಆ ತಾಯಿಗೆ ಗೆಳತಿ ಮಾತ್ರ ಇಲ್ಲ.