ಕೂಸಿನ ಕೌದಿ

ಮಂಜುಪರದೆ ಬಿಚ್ಚುವ ತಿಂಗಳ ಮೊದಲ ಬೆಳಗು, ಭೀಮೆ ಮರಳಿ ತುಂಬಿ ಹರಿದ ನೂರಾ ಹನ್ನೊಂದನೆಯ ವರ್ಷ. ನಿನ್ನ ಲೆಕ್ಕದಲ್ಲಿ ಇಸವಿ ೨೧೯೮.

ಮಹಾನಂದಮ್ಮಾ,

ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೂ ಈ ಕಾಗದ ಮುಟ್ಟುವ ಹೊತ್ತಿಗೆ ನನ್ನ ಮಗಳ ವಯಸ್ಸಿನವಳಾಗಿರುತ್ತೀ. ಹಾಗಾಗಿ ಏಕವಚನದಲ್ಲೇ ಕರೆಯುತ್ತೇನೆ, ಬೈಯಬೇಡ. ನಿಮ್ಮ ಕಾಲದ ಕನ್ನಡವನ್ನು ಹಳೆಯ ದನಿಮುದ್ರಣಗಳಿಂದ ಕಲಿತವಳು ನಾನು. ನಡುನಡುವೆ ನಮ್ಮ ಕಾಲದ ಮಾತು ನುಸುಳಿದರೆ ಸೈರಿಸಿಕೋ. ನನ್ನ ಹೆಸರು ಗಂಗಾಸಿರಿ. ಭೀಮೆಯ ದಂಡೆಯ ಊರಿನಲ್ಲಿ ಕೇಳ್ಗಲ್ಲು ಹಿಡಿಯುವುದು ನನ್ನ ಕಸುಬು. ಕೇಳ್ಗಲ್ಲು ಎಂದರೆ ಅಂಗೈಯಲ್ಲಿ ಅಡಗುವ ನುಣುಪು ಕಲ್ಲು. ಮೈಗೆ ತಾಗಿಸಿದರೆ, ನಮ್ಮ ಕಿವಿಗೆ ನಿಲುಕದ ಸದ್ದನ್ನು ಒಳಗೆ ಕಳಿಸಿ, ಅದರ ಮರುದನಿಯಿಂದ ಗೋಡೆಯ ಮೇಲೆ ಚಿತ್ರ ಬಿಡಿಸುತ್ತದೆ. ನೀವು ಇದನ್ನು ಅಲ್ಟ್ರಾಸೌಂಡ್ ಎನ್ನುತ್ತಿದ್ದಿರಂತೆ, ತಣ್ಣನೆಯ ಅಂಟು ಬಳಿದು ಕತ್ತಲ ಕೋಣೆಯಲ್ಲಿ ನೋಡುತ್ತಿದ್ದಿರಂತೆ.

ನಮ್ಮ ಊರಿಗೆ ಬೆಳಗಾಗುವುದು ನಿಧಾನ. ಮಾಳಿಗೆಗಳ ಮೇಲೆ ಮಂಜುಪರದೆಗಳು ತೂಗುತ್ತಿರುತ್ತವೆ; ಗಾಳಿಯ ತೇವವನ್ನು ಹಿಡಿದು ಕೊಡಕ್ಕೆ ಹನಿಸುವ ತೆಳು ಬಟ್ಟೆಗಳವು. ಆ ತೊಟತೊಟ ಸದ್ದಿನಲ್ಲಿ ಊರಿಗೆ ಊರೇ ಅರೆನಿದ್ದೆಯಲ್ಲಿ ತೇಲುತ್ತದೆ. ಹಿಂದಿನವರಿಗೆ ಬರೆದ ಕಾಗದವನ್ನು ಪರದೆಯ ಮುಂದೆ ನಿಂತು ಓದುವುದು ನಮ್ಮ ರೂಢಿ. ಓದಿದವರ ಉಸಿರು ಹನಿಯಾಗಿ ಭೀಮೆಗೆ ಸೇರುತ್ತದೆ, ಭೀಮೆಗೆ ಹಿಂದಕ್ಕೂ ಹರಿಯಲು ಬರುತ್ತದೆ ಎನ್ನುತ್ತಾರೆ. ನಾನು ಪೂರ್ತಿ ನಂಬಿದವಳಲ್ಲ, ಆದರೂ ಬರೆಯುತ್ತಿದ್ದೇನೆ. ಜೋಳದ ರೊಟ್ಟಿ ಮಾತ್ರ ಬದಲಾಗಿಲ್ಲ. ಚಂದ್ರನ ಮೇಲೆ ಕೆಲಸಕ್ಕೆ ಹೋಗುವವರೂ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗುತ್ತಾರೆ.

ಇನ್ನು ನಮ್ಮ ಮನೆಯ ಮಾತು. ಇಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಹೊದಿಸಲು ಒಂದು ಕೌದಿ ಹೊಲಿಯುತ್ತೇವೆ. ಬೂದಿಬಣ್ಣದ ಬಟ್ಟೆ, ಮೇಲೆ ಕರಿಯ ದುಂಡು ತೇಪೆಗಳು, ನಡುವೆ ಬಿಳಿ ದಾರದ ಗೆರೆಗಳು. ಹಳೆಯದನ್ನು ಪಕ್ಕಕ್ಕೆ ಹಾಸಿಕೊಂಡು ಹೊಸದನ್ನು ಹೊಲಿಯಬೇಕು. ಒಂದು ತೇಪೆ ಆಚೀಚೆ ಆದರೂ ಹಿರಿಯರು ಬಿಚ್ಚಿಸುತ್ತಾರೆ. ಮೊದಲ ಕೌದಿ ನಿನ್ನದು. ಹೊಟ್ಟೆಯಲ್ಲಿದ್ದ ಕೂಸಿನ ಚಿತ್ರ ನೋಡಿ ಹೊಲಿದೆಯಂತೆ. ಆ ಚಿತ್ರದ ಕಾಗದ ಎಂದೋ ಬಿಳುಚಿ ಹೋಯಿತು, ಕೌದಿ ಉಳಿಯಿತು. ಹೆಂಗಸರು ತೇಪೆಗಳ ಮೇಲೆ ಬೆರಳಿಟ್ಟು, "ಇದು ತಲಿ, ಇದು ಕಣ್ಣು, ಇದು ಮುಷ್ಟಿ" ಎಂದು ತೋರಿಸುತ್ತಾರೆ. ನಿನ್ನ ಕಥೆಯನ್ನೂ ಹೇಳುತ್ತಾರೆ. ಚಿತ್ರ ಕಂಡ ದಿನವೇ ನಿನ್ನ ಅತ್ತೆ ಓಣಿಗೆಲ್ಲ ಬೆಲ್ಲ ಹಂಚಿದರು, ಕೂಸು ಹುಟ್ಟಿದ್ದು ಮಾತ್ರ ಮೂರು ವರ್ಷದ ಮೇಲೆ. "ಮೂರು ವರ್ಷ ಹೊತ್ತಾಳ, ಸಾಮಾನ್ಯ ಹೆಣ್ಣಲ್ಲ ಆಕಿ" ಎಂದು ನಮಗೆಲ್ಲ ಹೆಮ್ಮೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಅತ್ತೆ ಸತ್ತಾಗ ನಿನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ, ಕಲ್ಲೆದೆಯವಳು.

ನನ್ನ ಮಗಳು ಮುಕ್ತಾಯಿ ಹಾಡುವವಳು. ಕಳೆದ ಸುಗ್ಗಿಯಿಂದ ಅವಳ ದನಿ ಒಡೆಯತೊಡಗಿತು. ರೊಟ್ಟಿಯ ತುತ್ತು ತುತ್ತಿಗೂ ನೀರು ಬೇಕು. ಕಣ್ಣಲ್ಲಿ ಮರಳು ಬಿದ್ದಂತೆ ಉಜ್ಜಿಕೊಳ್ಳುತ್ತಾಳೆ. ಕೇಳಿದರೆ "ತಗಿ ಅವ್ವಾ, ಎಲ್ಲಾ ಉಷ್ಣ" ಎಂದಳು. ಇಷ್ಟು ವರ್ಷಗಳಲ್ಲಿ ಮನುಷ್ಯರು ಏನೆಲ್ಲ ಕಲಿತರು, ಈ ಉಷ್ಣ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಹಾಡು ನಿಂತರೆ ಮಗಳು ಉಳಿಯುವುದಿಲ್ಲ ಎಂದು ನನಗೆ ಭಯ. ಒಂದು ಮಧ್ಯಾಹ್ನ ಗದರಿಸಿ ಮಲಗಿಸಿದೆ. ಕಿವಿಯ ಮುಂದೆ, ದವಡೆಯ ಕೆಳಗೆ, ಜೊಲ್ಲು ಊರುವ ಗ್ರಂಥಿಗಳ ಮೇಲೆ ಕಲ್ಲು ಆಡಿಸಿದೆ. ರೋಗವಿಲ್ಲದ ಗ್ರಂಥಿ ಜರಡಿ ಹಿಡಿದ ಜೋಳದ ಹಿಟ್ಟಿನಂತೆ ಒಂದೇ ಸಮ ಕಾಣುತ್ತದೆ. ನನ್ನ ಜನ್ಮದಲ್ಲಿ ನಾನು ಕಂಡದ್ದೆಲ್ಲ ಅದೇ. ಇಲ್ಲಿ ಹಿಟ್ಟಿನ ತುಂಬ ಕರಿಯ ತೂತುಗಳು. ಕಲ್ಲು ಕೆಟ್ಟಿದೆ ಎಂದುಕೊಂಡು ಸೆರಗಿನಿಂದ ಒರೆಸಿ, ಎತ್ತಿಡಲು ಹೊರಟಿದ್ದೆ. ಮುಕ್ತಾಯಿ ಗೋಡೆ ನೋಡಿ ನಕ್ಕಳು. "ಅವ್ವಾ, ಇದು ನಮ್ಮ ಕೌದಿನೇ ಅದ ನೋಡು!"

ನನ್ನ ಕೈ ಅಲ್ಲೇ ನಿಂತಿತು. ಇಂದು ಕೆಟ್ಟ ಕಲ್ಲಿನ ದೋಷವನ್ನು ಅಂದೇ ಯಾರೂ ಬಟ್ಟೆಯ ಮೇಲೆ ಹೊಲಿದಿರಲಾರರು. ಪೆಟ್ಟಿಗೆಯಿಂದ ಕೌದಿ ತೆಗೆದು ಗೋಡೆಯ ಪಕ್ಕ ಹಿಡಿದೆ. ತೇಪೆಗೆ ತೇಪೆ ಹೊಂದಲಿಲ್ಲ, ಆದರೆ ಒಂದೇ ಕೈಯ ಹೊಲಿಗೆ. ಹಳೆಯ ವೈದ್ಯರ ಬರಹಗಳನ್ನು ತಡಕಾಡಿದಾಗ ಹೆಸರು ಸಿಕ್ಕಿತು: ಒಣಬೇನೆ. ಮೈ ಕಾಯುವ ಕಾವಲುಗಾರರೇ ದಾರಿತಪ್ಪಿ ಜೊಲ್ಲಿನ, ಕಣ್ಣೀರಿನ ಒರತೆಗಳ ಮೇಲೆ ಬೀಳುವ ರೋಗ. ನಮ್ಮ ಕಡೆ ಅಪರೂಪವಾಗಿ, ಮರೆತೇ ಹೋಗಿತ್ತು. ಚಿತ್ರವೊಂದನ್ನೇ ನಂಬದೆ ರಕ್ತವನ್ನೂ ನೋಡಿಸಿದೆ, ಅದೂ ಹೌದೆಂದಿತು. ಒರತೆ ಇನ್ನೂ ಪೂರ್ತಿ ಬತ್ತಿಲ್ಲ. ಮದ್ದು ಶುರುವಾಗಿದೆ, ದನಿ ಉಳಿಯಬಹುದು ಎನ್ನುತ್ತಾರೆ. ಈಗಲೂ ಪರದೆಯ ಕೆಳಗೆ ಕೂತು ಸಣ್ಣಗೆ ಗುನುಗುತ್ತಿದ್ದಾಳೆ.

ಅಂದು ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನೀನು ಕಂಡೆ, ಮಹಾನಂದಮ್ಮಾ. ಅದು ಕೂಸಲ್ಲ, ನಿನ್ನ ಕೆನ್ನೆಯ ಒಳಗು. ಬಾಯಿ ಒಣಗುತ್ತದೆಂದು ತೆಗೆಸಿದ ಆ ಚಿತ್ರ ಹಿಡಿದು ನೀನು ಮನೆಗೆ ಬಂದಿರಬೇಕು. ಸೊಸೆಯ ಕೈಯಲ್ಲಿ ಅಂಥ ಚಿತ್ರ ಕಂಡರೆ ಯಾವ ಅತ್ತೆ ತಾನೇ ಬೇರೆ ಯೋಚಿಸುತ್ತಾಳೆ? ನೀನು ಬಾಯಿ ತೆರೆಯುವಷ್ಟರಲ್ಲಿ ಬೆಲ್ಲ ಬಾಯಿಗೆ ಬಿದ್ದಿರುತ್ತದೆ. ಎಲ್ಲರೂ ನಗುತ್ತಿರುವಾಗ ಆ ಬೆಲ್ಲ ನಿನ್ನ ಒಣ ನಾಲಿಗೆಯ ಮೇಲೆ ಕರಗದೆ ಕೂತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಎರಡಕ್ಕೂ ಮೊದಲು ಬಾಯಲ್ಲಿ ಪಸೆ ಬೇಕು ಎಂದು ಗಾದೆ ಕಟ್ಟಿದವನಿಗೆ ತಿಳಿದಿರಲಿಲ್ಲ. ಅತ್ತೆ ಸತ್ತ ದಿನ ನೀನು ಅತ್ತಿದ್ದೆ. ನೀರು ಬರಲಿಲ್ಲ, ಅಷ್ಟೇ. ನಾನು ನಿನ್ನ ಪಾಲಿನದನ್ನೂ ಸೇರಿಸಿ ಅತ್ತುಬಿಟ್ಟೆ.

ಒಂದು ಬೇಡಿಕೆ. ಬೆಲ್ಲ ಹಿಡಿದ ಕೈ ನಿನ್ನ ಬಾಯಿಯ ಹತ್ತಿರ ಬಂದಾಗ ಆ ಕೈ ಹಿಡಿದುಕೋ. "ಇದು ಕೂಸಲ್ಲ ಅತ್ತಿ, ನನ್ನ ಬಾಯಿ ಒಣಗ್ಯದ" ಎಂದು ಹೇಳು. ಓಣಿಯವರು ನಗಲಿ, ಉಷ್ಣ ಎನ್ನಲಿ. ಮತ್ತೆ ಹೇಳು, ಮದ್ದು ತಗೋ. ಆಗ ನಮಗೆ ಈ ಕೌದಿ ಸಿಗದೆ ಹೋದರೂ ಹೋಗಲಿ.

ಯಾರೂ ಕೇಳದಿದ್ದರೆ ಸೂಜಿ ತಗೋ, ಕೂತು ಹೊಲಿ. ತಡವಾದರೂ ನಾವು ಓದುತ್ತೇವೆ.

ನಿನ್ನ
ಗಂಗಾಸಿರಿ